ಲ್ಯಾಟಿನ್ ನಾಮಪದದ ತುದಿ

ಲ್ಯಾಟಿನ್ ನಾಮಪದದ ಕೊನೆಗೆ ಹತ್ತುವ ಒಂದೇ ಪ್ರತ್ಯಯ ವಿಭಕ್ತಿಯನ್ನೂ ವಚನವನ್ನೂ ಒಟ್ಟಿಗೆ ಹೇಳುತ್ತದೆ. ಕನ್ನಡದ ‘ಹೂಗಳಿಗೆ’ ಎಂಬಲ್ಲಿ ಬಹುವಚನದ ‘ಗಳು’ ಬೇರೆ, ಚತುರ್ಥಿಯ ‘ಇಗೆ’ ಬೇರೆ. ಎರಡನ್ನೂ ಬಿಡಿಸಿ ತೋರಿಸಬಹುದು. ಗುಲಾಬಿಗೆ ಲ್ಯಾಟಿನ್ನಿನಲ್ಲಿ ‘ರೊಸ’ ಎಂದು ಹೆಸರು. ‘ಗುಲಾಬಿಗಳಿಗೆ’ ಎನ್ನಲು ‘ರೊಸೀಸ್’. ಆ ‘ಈಸ್’ನಲ್ಲಿ ವಚನ ಎಷ್ಟು, ವಿಭಕ್ತಿ ಎಷ್ಟು ಎಂದು ಬಿಡಿಸಲು ಬರುವುದಿಲ್ಲ. ಈ ಮಟ್ಟಿಗೆ ಲ್ಯಾಟಿನ್ ಸಂಸ್ಕೃತದ ಬಳಗಕ್ಕೆ ಸೇರಿದ್ದು.

ವಿಭಕ್ತಿಗಳು ಆರು: ಪ್ರಥಮಾ, ದ್ವಿತೀಯಾ, ಚತುರ್ಥೀ, ಪಂಚಮೀ, ಷಷ್ಠೀ, ಸಂಬೋಧನೆ. ಸಂಸ್ಕೃತದ ತೃತೀಯಾ, ಸಪ್ತಮಿಗಳ ಕೆಲಸವೂ ಬಹುಮಟ್ಟಿಗೆ ಇಲ್ಲಿ ಪಂಚಮಿಯ ಪಾಲಿಗೆ ಬಂದಿದೆ. ಗ್ರೀಕಿನಲ್ಲಿ ಇಲ್ಲದ ಈ ವಿಭಕ್ತಿಯನ್ನು ಕ್ರಿ.ಪೂ. 1ನೇ ಶತಮಾನದ ವಿದ್ವಾಂಸ ವರ್ರೊ ಲ್ಯಾಟಿನ್ನಿಗೇ ಸ್ವಂತವಾದ ‘ಆರನೆಯದು’ ಎಂದು ಗುರುತಿಸಿದ. ಹಳೆಯ ಸಪ್ತಮಿ ‘ರೋಮೈ’ (ರೋಮಿನಲ್ಲಿ), ‘ದೊಮೀ’ (ಮನೆಯಲ್ಲಿ) ಮುಂತಾದ ಕೆಲವೇ ರೂಪಗಳಲ್ಲಿ ಉಳಿದುಕೊಂಡಿದೆ.

ಪ್ರತ್ಯಯಗಳ ಸರಣಿಗೆ ತಕ್ಕಂತೆ ನಾಮಪದಗಳನ್ನು ಐದು ಗಣಗಳಾಗಿ ವಿಂಗಡಿಸುತ್ತಾರೆ. ಇಲ್ಲಿ ಪ್ರಥಮಾ ರೂಪವನ್ನು ನಂಬುವಂತಿಲ್ಲ. ‘ಸೆರ್ವುಸ್’ (ಗುಲಾಮ), ‘ಮನುಸ್’ (ಕೈ), ‘ಕೊರ್ಪುಸ್’ (ದೇಹ) ಮೂರೂ ‘ಉಸ್’ ಎಂದೇ ಮುಗಿಯುತ್ತವೆ. ಷಷ್ಠಿಗೆ ಬಂದಾಗ ಅವು ‘ಸೆರ್ವೀ’, ‘ಮನೂಸ್’, ‘ಕೊರ್ಪೊರಿಸ್’ ಆಗುತ್ತವೆ. ಎರಡನೆಯ, ನಾಲ್ಕನೆಯ, ಮೂರನೆಯ ಗಣದವು ಎಂಬುದು ಆಗ ಬಯಲಾಗುತ್ತದೆ. ನಿಘಂಟುಗಳು ಪ್ರತಿ ಪದದ ಪಕ್ಕದಲ್ಲೇ ಷಷ್ಠಿಯನ್ನೂ ಕೊಡುವುದು ಇದಕ್ಕಾಗಿ. ಕಲಿಯುವವರು ಎರಡನ್ನೂ ಜೋಡಿಯಾಗಿಯೇ ಬಾಯಿಪಾಠ ಮಾಡುವುದು ಒಳ್ಳೆಯದು. ಐದನೆಯ ಗಣ ತೀರ ಚಿಕ್ಕದು. ಬಹುವಚನದ ಎಲ್ಲ ರೂಪಗಳೂ ಬಳಕೆಯಲ್ಲಿರುವುದು ‘ರೇಸ್’ (ವಸ್ತು), ‘ದಿಯೇಸ್’ (ದಿನ) ಎಂಬ ಎರಡಕ್ಕೆ ಮಾತ್ರ.

ಕೋಷ್ಟಕದ ತುಂಬ ರೂಪಗಳಿದ್ದರೂ ಪ್ರತಿಯೊಂದೂ ಬೇರೆಯಲ್ಲ. ‘ರೊಸೈ’ ಏಕವಚನದ ಷಷ್ಠಿಯೂ ಹೌದು, ಚತುರ್ಥಿಯೂ ಹೌದು. ಬಹುವಚನದ ಪ್ರಥಮೆ, ಸಂಬೋಧನೆಗಳೂ ಅದೇ. ನಪುಂಸಕಲಿಂಗದಲ್ಲಿ ಪ್ರಥಮಾ ದ್ವಿತೀಯೆಗಳಿಗೆ ಯಾವಾಗಲೂ ಒಂದೇ ರೂಪ: ‘ಬೆಲ್ಲುಮ್’ (ಯುದ್ಧ), ಬಹುವಚನದಲ್ಲಿ ‘ಬೆಲ್ಲ’. ಸಂಬೋಧನೆ ಪ್ರಥಮೆಯಿಂದ ಬೇರೆಯಾಗಿ ಕೇಳಿಸುವುದು ಮುಖ್ಯವಾಗಿ ಎರಡನೆಯ ಗಣದ ಏಕವಚನದಲ್ಲಿ. ಬ್ರೂಟುಸ್‌ನನ್ನು ಕರೆಯುವಾಗ ‘ಬ್ರೂಟೆ’. ಬಹುವಚನದ ಚತುರ್ಥಿ, ಪಂಚಮಿಗಳು ಎಲ್ಲ ಗಣಗಳಲ್ಲೂ ಒಂದೇ. ನಿಯಮದಂತೆ ಹೋದರೆ ‘ಗಂಡುಮಕ್ಕಳಿಗೆ’, ‘ಹೆಣ್ಣುಮಕ್ಕಳಿಗೆ’ ಎರಡಕ್ಕೂ ‘ಫೀಲಿಯೀಸ್’ ಎಂದೇ ಆಗಬೇಕು. ಹೆಣ್ಣುಮಕ್ಕಳನ್ನು ಬೇರೆಯಾಗಿ ಹೇಳಬೇಕಾದಾಗ ರೋಮನ್ನರು ‘ಫೀಲಿಯಾಬುಸ್’ ಎಂಬ ರೂಪವನ್ನು ಬಳಸಿದರು. ಗೊಂದಲ ತೊಡಕಾಗುವ ಕಡೆ ಭಾಷೆ ತಾನೇ ದಾರಿ ಹುಡುಕಿಕೊಂಡ ಸೊಗಸಾದ ಉದಾಹರಣೆ ಇದು.

ಪ್ರಥಮೆಯ ‘ರೊಸ’ಕ್ಕೂ ಪಂಚಮಿಯ ‘ರೊಸಾ’ಕ್ಕೂ ಇರುವ ಭೇದ ಸ್ವರದ ಉದ್ದವೊಂದೇ. ರೋಮನ್ ಲಿಪಿಯ ಸಾಮಾನ್ಯ ಬರಹದಲ್ಲಿ ಅದು ಕಾಣುವುದಿಲ್ಲ. ಕನ್ನಡ ಲಿಪಿಯಲ್ಲಿ ತಾನಾಗಿ ಕಾಣುತ್ತದೆ. ದ್ವಿತೀಯೆಯ ‘ರೊಸಮ್’ನ ಕೊನೆಯ ‘ಮ್’ ಆಡುಮಾತಿನಲ್ಲಿ ಬೇಗನೆ ಸವೆಯಿತು. ಪೊಂಪೇಯಿಯ ಗೋಡೆಬರಹಗಳಲ್ಲೇ ಅದು ಬಿಟ್ಟುಹೋಗಿರುವುದುಂಟು. ಮುಂದೆ ಸ್ವರದ ಹ್ರಸ್ವ–ದೀರ್ಘ ಭೇದವೂ ಅಳಿದಾಗ ಮೂರು ರೂಪಗಳೂ ಒಂದೇ ಆದವು. ಆಗ ವಿಭಕ್ತಿಯ ಕೆಲಸವನ್ನು ಪದಗಳ ಕ್ರಮವೂ ನಾಮಪದದ ಮುಂಚೆ ಬರುವ ಅವ್ಯಯಗಳೂ ವಹಿಸಿಕೊಂಡವು. ಇಟಾಲಿಯನ್, ಸ್ಪ್ಯಾನಿಷ್ ನಾಮಪದಗಳಲ್ಲಿ ಇಂದು ಉಳಿದಿರುವುದು ವಚನಭೇದ ಮಾತ್ರ. ರೊಮೇನಿಯನ್ ಭಾಷೆ ಷಷ್ಠೀ–ಚತುರ್ಥಿಗೆ ಸೇರಿ ಒಂದು ರೂಪವನ್ನು ಇನ್ನೂ ಕಾಪಾಡಿಕೊಂಡಿದೆ.