ಹಾಳೆಯ ಮೇಲೆ ಹೆಸರಿದ್ದವರು

ಕುಂದಾಪುರದಿಂದ ಬಡಗು ದಿಕ್ಕಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ತಲ್ಲೂರನ್ನು ದಾಟಿ, ಜಾಲಾಡಿಯ ಗದ್ದೆಗಳನ್ನು ಸೀಳಿಕೊಂಡು ಹೆಮ್ಮಾಡಿಯನ್ನು ಸೇರಿದಾಗ ದಾರಿ ಎರಡಾಗುತ್ತದೆ: ನೇರ ಹೋದರೆ ಮುಳ್ಳಿಕಟ್ಟೆ, ತ್ರಾಸಿ, ಮರವಂತೆಯ ಕಡಲು, ಬಲಕ್ಕೆ ಹೊರಳಿದರೆ ವಂಡ್ಸೆ, ಚಿತ್ತೂರು, ಕೊಲ್ಲೂರು, ಅದರಾಚೆಗೆ ಘಟ್ಟ. ಮಕರ ಸಂಕ್ರಾಂತಿಗೆ ಮುಂಚಿನ ದಿನಗಳಲ್ಲಿ ಈ ಕವಲಿಗೆ ಬಂದಿಳಿದ ಪ್ರಯಾಣಿಕರ ಕಣ್ಣಿಗೆ ಮೊದಲು ಬೀಳುವುದು ಹಳದಿ ಬಣ್ಣ. ಪೇಟೆಯ ಸೇವಂತಿಗೆಗಿಂತ ಗಾತ್ರದಲ್ಲಿ ಚಿಕ್ಕದಾದ, ಪರಿಮಳದಲ್ಲಿ ಅದಕ್ಕಿಂತ ಮಿಗಿಲಾದ ಹೆಮ್ಮಾಡಿ ಸೇವಂತಿಗೆ ಹೆಮ್ಮಾಡಿ, ಜಾಲಾಡಿ, ಕಟ್‌ಬೇಲ್ತೂರು ಸುತ್ತಿನ ಗದ್ದೆಗಳಲ್ಲಿ ಅರಳುತ್ತದೆ; ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಅದು ಸಲ್ಲಲೇಬೇಕು. ಡಿಸೆಂಬರಿನಲ್ಲಿ ಅಕಾಲಿಕ ಮಳೆ ಬಿದ್ದರೆ ಮೊಗ್ಗು ಕೆಡುತ್ತದೆ, ಹೂವು ಜಾತ್ರೆಗೆ ಒದಗದೆ ತಡವಾಗಿ ಅರಳಿದರೆ ವರ್ಷದ ದುಡಿಮೆ ನೀರಿಗೆ ಹೋದಂತೆ. ಸೊಂಟ ಬಗ್ಗಿಸಿ, ಎಡಗೈಯಲ್ಲಿ ಗಿಡವನ್ನು ಹಿಡಿದು, ಬಲಗೈಯ ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ತೊಟ್ಟನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುವ ಹೆಂಗಸರಲ್ಲಿ ಗದ್ದೆಯ ಒಡತಿ ಯಾರು, ದಿನಗೂಲಿಯ ಹೆಣ್ಣಾಳು ಯಾರು ಎಂಬುದು ದೂರದಿಂದ ನೋಡುವವರಿಗೆ ತಿಳಿಯುವುದಿಲ್ಲ. ಆದರೆ ಆ ವ್ಯತ್ಯಾಸ ಹೇಗೆ ಹುಟ್ಟಿತು ಎಂಬುದೇ ಈ ದಾರಿಯುದ್ದಕ್ಕೂ ವಿಚಾರಿಸಬೇಕಾದ ಸಂಗತಿ.

ಕರಾವಳಿಯಲ್ಲಿ ಗದ್ದೆಗೂ ದರ್ಜೆಯಿದೆ. ತಗ್ಗಿನಲ್ಲಿ ನೀರು ನಿಂತು ವರ್ಷಕ್ಕೆ ಎರಡು ಮೂರು ಬೆಳೆ ಕೊಡುವುದು ಬೈಲು; ಅದಕ್ಕಿಂತ ಎತ್ತರದಲ್ಲಿ, ಎರಡನೆಯ ಬೆಳೆಗೆ ತೋಡಿನ ನೀರನ್ನು ನಂಬಿರುವುದು ಮಜಲು; ಮಳೆಯೊಂದನ್ನೇ ನೆಚ್ಚಿ ಒಂದೇ ಬೆಳೆ ತೆಗೆಯುವುದು ಬೆಟ್ಟು. ಈ ಮೂರೂ ಬಗೆಯ ಭೂಮಿಯನ್ನು ಒಬ್ಬ ಹಿಡುವಳಿದಾರನ ಹೆಸರಿನಲ್ಲಿ ಒಟ್ಟಾಗಿ ಲೆಕ್ಕಕ್ಕೆ ತಂದ ಆಸ್ತಿಗೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕಂದಾಯ ಭಾಷೆಯಲ್ಲಿ ‘ವರ್ಗ’ ಎಂದು ಹೆಸರು, ಅದರ ಒಡೆಯ ವರ್ಗದಾರ. ಹಾಳೆ ಎಂಬ ಅರ್ಥದ ಅರಬ್ಬಿ ಪದದಿಂದ ಇದು ಬಂದಿತೆಂದು ವಿವರಿಸುತ್ತಾರೆ: ಒಬ್ಬೊಬ್ಬರ ಹಿಡುವಳಿಗೆ ಒಂದೊಂದು ಹಾಳೆ. ಸಮಾಜಶಾಸ್ತ್ರದ ಪುಸ್ತಕಗಳಲ್ಲಿ ಮೇಲುವರ್ಗ, ಕೆಳವರ್ಗ ಎಂದು ಬಳಸುವ ಸಂಸ್ಕೃತದ ‘ವರ್ಗ’ ಬೇರೆ ಮೂಲದ್ದಾದರೂ, ಹೆಮ್ಮಾಡಿಯ ಸೀಮೆಯಲ್ಲಿ ಇವೆರಡೂ ಒಂದೇ ಮಾತಿನೊಳಗೆ ಬಂದು ಕೂತಿರುವುದು ಬರಿಯ ಉಚ್ಚಾರದ ಹೊಂದಿಕೆ ಎಂದು ಬಿಟ್ಟುಬಿಡಲು ಮನಸ್ಸೊಪ್ಪದು. ಹಾಳೆಯ ಮೇಲೆ ಹೆಸರಿದ್ದವರಿಗೆ ಒಂದು ಬದುಕು, ಇಲ್ಲದವರಿಗೆ ಇನ್ನೊಂದು.

ವರ್ಗದಾರನ ಕೆಳಗೆ ಗೇಣಿದಾರರಿದ್ದರು. ಗೇಣಿ ಎಂದರೆ ಬೇಸಾಯಕ್ಕೆ ಪಡೆದ ಭೂಮಿಗೆ ಒಡೆಯನಿಗೆ ಅಳೆಯುವ ಪಾಲು. ತಲೆಮಾರುಗಳವರೆಗೆ ಬದಲಾಗದ ಗೇಣಿಯ ಮೇಲೆ ಶಾಶ್ವತ ಹಕ್ಕು ಪಡೆದವರದು ಮೂಲಗೇಣಿ, ನಿಗದಿಯಾದ ಅವಧಿಗೆ ಪಡೆದವರದು ವಾಯಿದೆಗೇಣಿ, ಒಡೆಯ ಬೇಡವೆಂದಾಗ ಬಿಟ್ಟು ಏಳಬೇಕಾದವರದು ಚಾಲಗೇಣಿ. ಕೊಯ್ಲು ಮುಗಿದ ಮೇಲೆ ಅಕ್ಕಿಯನ್ನು ಒಣಹುಲ್ಲಿನ ಹಾಸಿನ ಮೇಲೆ ಸುರಿದು, ಸುತ್ತಲಿನ ಹುಲ್ಲನ್ನು ಎತ್ತಿ ಮಡಚಿ, ಹುಲ್ಲುಹಗ್ಗದಿಂದ ಬಿಗಿದು, ಕೊರಡಿನಿಂದ ಬಡಿದು ಗುಂಡಗೆ ಕಟ್ಟಿದ ಅಕ್ಕಿಮುಡಿ ಧಣಿಯ ಮನೆಯ ಚಾವಡಿಗೆ ಹೋಗುತ್ತಿತ್ತು. ವರ್ಷವಿಡೀ ಇಲಿಹುಳುಗಳಿಂದ ಅಕ್ಕಿಯನ್ನು ಕಾಯುವ ಆ ಮುಡಿಯನ್ನು ಕಟ್ಟಬಲ್ಲ ಕೈಗಳು ಈಗ ವಿರಳ. ಹೊಸ ಮನೆಗಳ ಗೃಹಪ್ರವೇಶಕ್ಕೆ ಅಲಂಕಾರವೆಂದು ತರಿಸುವ ಮುಡಿಯನ್ನು ಕಂಡಾಗ, ಅದನ್ನು ಕಟ್ಟಿದವರ ಮನೆಯಲ್ಲಿ ಆಷಾಢದ ಹೊತ್ತಿಗೆ ಅಕ್ಕಿ ಇರುತ್ತಿರಲಿಲ್ಲ ಎಂಬ ನೆನಪು ಹಿರಿಯರನ್ನು ಮೌನಕ್ಕೆ ತಳ್ಳುತ್ತದೆ.

ದೇವರಾಜ ಅರಸು ಅವರ ಸರ್ಕಾರ ತಿದ್ದಿದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯಲ್ಲಿದ್ದ ಭೂಮಿಯನ್ನೆಲ್ಲ ಸರ್ಕಾರಕ್ಕೆ ಸೇರಿಸಿ, ಉಳುವವನಿಗೆ ಅದನ್ನು ಕೊಡುವ ದಾರಿ ತೆರೆಯಿತು. ಪರಿಶಿಷ್ಟರ ಪ್ರತಿನಿಧಿಯೂ ಇರಲೇಬೇಕಾಗಿದ್ದ ಭೂನ್ಯಾಯ ಮಂಡಳಿಗಳ ಮುಂದೆ ‘ನಮೂನೆ 7’ ಎಂಬ ಅರ್ಜಿ ಹಿಡಿದು ಒಕ್ಕಲುಗಳು ನಿಂತರು. ಕರಾವಳಿಯ ಆಡುಮಾತಿನಲ್ಲಿ ಅದು ‘ಡಿಕ್ಲರೇಷನ್ ಕೊಡುವುದು’. ಧಣಿಯ ಎದುರು ತಲೆಯ ಮುಟ್ಟಾಳೆ ತೆಗೆದು ನಿಂತವನು ಅದೇ ಧಣಿಗೆ ಪ್ರತಿವಾದಿಯಾದ. ದೊಡ್ಡ ಮನೆತನಗಳ ಜೊತೆಗೆ, ಗೇಣಿಯೊಂದನ್ನೇ ನಂಬಿದ್ದ ವಿಧವೆಯರೂ ಸಣ್ಣ ಹಿಡುವಳಿಯವರೂ ನೆಲ ಕಳೆದುಕೊಂಡರೆಂಬುದನ್ನು ಮರೆಯಬಾರದು. ಆದರೂ ಈ ನೆಲ ಕಂಡ ಅತಿ ದೊಡ್ಡ ಮೇಲ್ಚಲನೆ, ಅಂದರೆ ಒಂದು ಮನೆತನ ಒಂದೇ ತಲೆಮಾರಿನಲ್ಲಿ ಸಾಮಾಜಿಕವಾಗಿ ಮೇಲಿನ ಮೆಟ್ಟಿಲಿಗೆ ಏರುವುದು, ಆ ಅರ್ಜಿಯಿಂದಲೇ ಸಾಧ್ಯವಾಯಿತು. ಅದಕ್ಕೂ ಸರಿಸುಮಾರು ಮೂರು ದಶಕಗಳ ಹಿಂದೆ ಜಪಾನಿನಲ್ಲಿ ಇದೇ ಬಗೆಯ ಕೆಲಸ ನಡೆದಿತ್ತು: ಯುದ್ಧದಲ್ಲಿ ಸೋತ ಆ ದೇಶದಲ್ಲಿ 1946ರ ಕಾನೂನಿನಿಂದ ಸರ್ಕಾರ ಊರಲ್ಲಿಲ್ಲದ ಒಡೆಯರ ಗೇಣಿಭೂಮಿಯನ್ನು ಪೂರ್ತಿಯಾಗಿ, ಊರಲ್ಲಿದ್ದವರದನ್ನು ಸುಮಾರು ಎರಡೂವರೆ ಎಕರೆಯಷ್ಟು ಬಿಟ್ಟು, ಕೊಂಡು ಉಳುವವರಿಗೆ ಮಾರಿತು, ಸಾಗುವಳಿ ಭೂಮಿಯಲ್ಲಿ ಶೇ. 46ರಷ್ಟಿದ್ದ ಗೇಣಿಯ ಪಾಲು 1950ರ ಹೊತ್ತಿಗೆ ಶೇ. 10ರ ಆಸುಪಾಸಿಗೆ ಇಳಿಯಿತು.

ಹೆಮ್ಮಾಡಿಯಿಂದ ವಂಡ್ಸೆಯ ಕಡೆಗೆ ಬಸ್ಸು ತಿರುಗಿದ ಮೇಲೆ ರಸ್ತೆಯ ಎರಡೂ ಬದಿಗೆ ಕಾಣುವ ತಾರಸಿ ಮನೆಗಳಲ್ಲಿ ಮುಂಬಯಿಯ ಹೋಟೆಲಿನ ದುಡಿಮೆಯಿಂದ ಎದ್ದವು ಹಲವು. ಪಾತ್ರೆ ತೊಳೆಯಲು ಸೇರಿದ ಹುಡುಗ ಮೇಜು ಒರೆಸುವವನಾಗಿ, ಸಪ್ಲಾಯರ್ ಆಗಿ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನಾಗಿ, ಕಡೆಗೆ ಪಾಲುದಾರನಾದ ಕಥೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಊರೂ ಹೊರತಲ್ಲ. ಬೆಂಗಳೂರಿನ ಎಂಟಿಆರ್ ಅನ್ನು 1924ರಲ್ಲಿ ತೆರೆದ ಮಯ್ಯ ಸೋದರರು ಬ್ರಹ್ಮಾವರ ಸೀಮೆಯ ಪಾರಂಪಳ್ಳಿಯವರು. ಹಗಲು ಹೋಟೆಲು, ರಾತ್ರಿ ಶಾಲೆ ಎಂದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದವರು ಬ್ಯಾಂಕು, ಕಚೇರಿಗಳನ್ನು ಸೇರಿದರು. ಜಪಾನಿನಲ್ಲಿ 1950ರ ದಶಕದ ಮಧ್ಯದಿಂದ 1970ರ ದಶಕದ ಮಧ್ಯದವರೆಗೆ, ಮಾಧ್ಯಮಿಕ ಶಾಲೆ ಮುಗಿಸಿದ ಹಳ್ಳಿಯ ಮಕ್ಕಳನ್ನು ಗುಂಪಾಗಿ ಟೋಕಿಯೊದ ಅಂಗಡಿ, ಕಾರ್ಖಾನೆಗಳಿಗೆ ಒಯ್ಯಲು ವಿಶೇಷ ರೈಲುಗಳೇ ಓಡುತ್ತಿದ್ದವು, ಅವರನ್ನು ‘ಚಿನ್ನದ ಮೊಟ್ಟೆಗಳು’ ಎಂದು ಕರೆಯುತ್ತಿದ್ದರು. ಹೆಮ್ಮಾಡಿಯ ಹುಡುಗನಿಗೆ ಅಂತಹ ರೈಲಿರಲಿಲ್ಲ. ಸಮೀಪದ ಸೇನಾಪುರದ ಮೇಲೆ ಹಾದುಹೋಗುವ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅವನಿಗೆ ಇದ್ದದ್ದು ಮುಂಬಯಿಯಲ್ಲಿದ್ದ ಊರಿನವರೊಬ್ಬರ ವಿಳಾಸ. ಆ ವಿಳಾಸವೂ ಒಂದು ಆಸ್ತಿಯೇ, ಅದು ಎಲ್ಲ ಜಾತಿಯ ಹುಡುಗರ ಕಿಸೆಯಲ್ಲಿ ಇರಲಿಲ್ಲ, ಹೋಟೆಲಿನ ಅಡುಗೆಮನೆಯ ಹೊಸ್ತಿಲನ್ನು ಎಲ್ಲರೂ ದಾಟುವಂತಿರಲಿಲ್ಲ.

ಗೇಣಿಚೀಟಿಯೂ ಇಲ್ಲದೆ, ಮುಂಬಯಿಯ ವಿಳಾಸವೂ ಇಲ್ಲದೆ ಉಳಿದವರು ಮೂಲದಾಳುಗಳು, ಎಂದರೆ ಒಡೆಯನ ಮನೆಗೆ ವಂಶಪಾರಂಪರ್ಯವಾಗಿ ಕಟ್ಟುಬಿದ್ದ ಕೂಲಿಯವರು, ಬಹುಮಟ್ಟಿಗೆ ದಲಿತರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರ ‘ಚೋಮನ ದುಡಿ’ಯಲ್ಲಿ ತೋರಿದ್ದು ಇಂತಹ ಒಬ್ಬನನ್ನೇ, ಬೇಸಾಯಗಾರನಾಗಬೇಕೆಂಬ ಅವನ ಆಸೆ ಈಡೇರುವುದಿಲ್ಲ. ಆ ಕಾದಂಬರಿ ಬಿ. ವಿ. ಕಾರಂತರ ಕೈಯಲ್ಲಿ ಸಿನಿಮಾ ಆಗಿ 1975ರಲ್ಲಿ ತೆರೆಗೆ ಬಂದಾಗ ಊರೂರಿನ ಮಂಡಳಿಗಳು ಉಳುವವನ ಹಕ್ಕನ್ನು ವಿಚಾರಿಸುತ್ತಿದ್ದವು, ಆದರೆ ಚೋಮನಂಥವನು ಆ ಮಂಡಳಿಯ ಕಣ್ಣಿನಲ್ಲಿ ಗೇಣಿದಾರನೇ ಅಲ್ಲ, ನೇಗಿಲು ಹಿಡಿದ ಕೈಯಾದರೂ ಬರಿಯ ಆಳು. ಇನ್ನೂ ಕೆಳಗೆ, ಬೀಳಿನ ಬುಟ್ಟಿ ಹೆಣೆಯುವ ಕೊರಗರಿದ್ದರು. ಅನ್ನಕ್ಕೆ ಕೂದಲು, ಉಗುರು ಬೆರೆಸಿ ಅವರಿಗೆ ಉಣಿಸಿ ತಮ್ಮ ಅನಿಷ್ಟ ಕಳೆಯಿತೆಂದು ಉಳಿದವರು ನಂಬುತ್ತಿದ್ದ ‘ಅಜಲು’ ಪದ್ಧತಿಯನ್ನು ಕರ್ನಾಟಕ ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. ಇದನ್ನು ಬರೆಯುವಾಗ ನಾಚಿಕೆಯಾಗಬೇಕು, ಓದುವಾಗಲೂ.

ಜಪಾನಿನಲ್ಲಿಯೂ ಚರ್ಮದ ಕೆಲಸ, ಸತ್ತ ಪ್ರಾಣಿಗಳ ವಿಲೇವಾರಿ ಮಾಡುತ್ತಿದ್ದವರನ್ನು ಊರಾಚೆಗೆ ಇರಿಸಿದ್ದರು. ಬುರಾಕು ಎಂದು ಕರೆಯುವ ಆ ಕೇರಿಗಳ ಜನರಿಗೆ 1871ರ ಶಾಸನ ಸಮಾನತೆ ಕೊಟ್ಟಿತು, ಆದರೆ ಮರುವರ್ಷದ ಕೋಸೆಕಿಯಲ್ಲಿ, ಎಂದರೆ ಪ್ರತಿ ಮನೆತನದ ಹುಟ್ಟು, ಮದುವೆ, ಸಾವು ದಾಖಲಾಗುವ ಕುಟುಂಬ ದಫ್ತರದಲ್ಲಿ, ಅವರ ಹಳೆಯ ಗುರುತು ಹಲವೆಡೆ ಉಳಿದುಬಿಟ್ಟಿತು. ಆ ಹಳೆಯ ದಫ್ತರ ಹೊರಗಿನವರ ಕಣ್ಣಿಗೆ ಬೀಳದಂತೆ ಮುಚ್ಚಿದ್ದು 1968ರಲ್ಲಿ. ಆಮೇಲೂ ಬುರಾಕು ಊರುಗಳ ಪಟ್ಟಿಯನ್ನು ಗುಟ್ಟಾಗಿ ಅಚ್ಚು ಹಾಕಿ ಕಂಪನಿಗಳಿಗೆ ಮಾರುತ್ತಿದ್ದದ್ದು 1975ರಲ್ಲಿ ಬಯಲಾಯಿತು. ದೇಶವೇ ತನ್ನನ್ನು ಮಧ್ಯಮವರ್ಗವೆಂದು ಕರೆದುಕೊಳ್ಳುತ್ತಿದ್ದ ಕಾಲ ಅದು. ಅಲ್ಲಿ ಹಾಳೆಯ ಮೇಲೆ ಹೆಸರಿದ್ದದ್ದೇ ಶಾಪವಾಯಿತು, ಇಲ್ಲಿ ಇಲ್ಲದ್ದು.

ಮಾರಣಕಟ್ಟೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ದೇವಸ್ಥಾನದ ಅಂಗಳ ಸೇವಂತಿಗೆಯಿಂದ ತುಂಬಿರುತ್ತದೆ. ಕೆಂಡಸೇವೆಗೆ ಬಂದವರು ಹೂವಿನ ಸರವನ್ನು ಎದೆಗೊತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ, ಹೂವು ಬೆಳೆದವರೂ, ಕೊಯ್ದವರೂ, ಮುಂಬಯಿಯಿಂದ ಕಾರಿನಲ್ಲಿ ಬಂದವರೂ. ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ, ಗುಡ್ಡದ ಓರೆಯಲ್ಲಿ ಕೆಂಪು ಕಲ್ಲಿನ ಗೋಡೆ, ಅರ್ಧ ಹೆಂಚು, ಅರ್ಧ ತಗಡಿನ ಮನೆಗಳಿವೆ. ಇವುಗಳಲ್ಲಿ ಹಲವು ನಿಂತಿರುವುದು ಕುಮ್ಕಿಯಲ್ಲಿ. ವರ್ಗಭೂಮಿಗೆ ತಾಗಿದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯಲು ವರ್ಗದಾರನಿಗೆ ಬ್ರಿಟಿಷರ ಕಾಲದಿಂದ ಇರುವ ಸವಲತ್ತಿಗೆ ಕುಮ್ಕಿ ಎನ್ನುತ್ತಾರೆ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ ‘94ಸಿ’ ಅರ್ಜಿ ಕುಮ್ಕಿಯೆಂದೋ, ಡೀಮ್ಡ್ ಅರಣ್ಯವೆಂದೋ ದಾಖಲಾದ ಕಡೆ ಮುಂದೆ ಸರಿಯುವುದು ಕಷ್ಟ. ಹೀಗೆ ಐವತ್ತು ವರ್ಷಗಳ ಹಿಂದೆ ಗೇಣಿ ಅಳಿದರೂ ವರ್ಗದ ನೆರಳು ಗುಡ್ಡದ ಮೇಲೆ ಉಳಿದಿದೆ. ಇತ್ತ, ರೈತರಲ್ಲದವರೂ ಕೃಷಿಭೂಮಿ ಕೊಳ್ಳಲು 2020ರ ತಿದ್ದುಪಡಿ ಅವಕಾಶ ಕೊಟ್ಟ ಮೇಲೆ, ಕೂಲಿಯ ದುಡ್ಡಿನಲ್ಲಿ ನೆಲ ಕೊಳ್ಳುವ ಆಸೆ ಇನ್ನಷ್ಟು ದೂರ ಸರಿದಿದೆ.

ಕುಮ್ಕಿಯ ಅಂತಹ ಒಂದು ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ತೊಟ್ಟೆಯೊಳಗೆ ಮಡಚಿಟ್ಟ ಅರ್ಜಿಯ ರಸೀದಿಯನ್ನು ಹೊರತೆಗೆದು, ಮಡಿಕೆಗಳನ್ನು ಅಂಗೈಯಿಂದ ಸವರಿ ನೇರ ಮಾಡಿ ತೋರಿಸಿದ ಹಿರಿಯ ಹೆಂಗಸಿನ ಉಗುರಿನ ಸಂದಿನಲ್ಲಿ ಸೇವಂತಿಗೆಯ ತೊಟ್ಟಿನ ಹಸಿರು ಕರೆ ಇನ್ನೂ ಇತ್ತು. “ಮಕ್ಳೆಲ್ಲ ಇಲ್ಲೇ ಹುಟ್ಟಿದ್ದ್, ನಮ್ ಹೆಸ್ರ್ ಮಾತ್ರ ಕಾಗ್ದದಗೆ ಇಲ್ಲ ಕಾಣಿ” ಎಂದು ಹೇಳಿ, ರಸೀದಿಯನ್ನು ಅದೇ ಮಡಿಕೆಗಳಲ್ಲಿ ಮತ್ತೆ ಮಡಚಿ, ಒಳಗಿನ ದೇವರ ಪಟದ ಹಿಂದೆ ಸಿಕ್ಕಿಸಿ, ಮರುದಿನದ ಕೊಯ್ಲಿಗೆ ಬೆಳಕು ಹರಿಯುವ ಮುಂಚೆ ಜಾಲಾಡಿಗೆ ಹೋಗಬೇಕೆಂದು ಅವರು ಬುಟ್ಟಿಯನ್ನು ತೊಳೆದು ಕವುಚಿಟ್ಟರು.