ಕದರಮಂಡಲಗಿಯಿಂದ ಕುಮಾರ ಪರ್ವತಕ್ಕೆ

ಶಿಖರ ಮುಟ್ಟಿ ಬಂದರೆ ಕಾಂತೇಶನಿಗೆ ಕಾಯಿ ಒಡೆಸುತ್ತೇನೆಂದು ಅಣ್ಣನ ಮಗ ಹರಕೆ ಹೊತ್ತಿದ್ದ. ಕಾಂತೇಶ ಎಂದರೆ ನಮ್ಮ ಕದರಮಂಡಲಗಿಯ ಆಂಜನೇಯ. ಇವನನ್ನೂ ಸಾತೇನಹಳ್ಳಿಯ ಶಾಂತೇಶನನ್ನೂ ಶಿಕಾರಿಪುರದ ಭ್ರಾಂತೇಶನನ್ನೂ ಒಂದೇ ದಿನದಲ್ಲಿ ನೋಡಿ ಬರುವ ರೂಢಿ ನಮ್ಮ ಕಡೆ ಇದೆ. ಎಂಟನೇ ತರಗತಿಯ ಹುಡುಗನಿಗೆ ಅದು ಸಾಲಲಿಲ್ಲ. ಒಂದೇ ದಿನದಲ್ಲಿ ಕುಮಾರ ಪರ್ವತ ಹತ್ತಿ ಇಳಿಯಬೇಕಂತೆ. "ಸಂಜೀವಿನಿ ಗುಡ್ಡಾನ ಎತ್ತಿದವನ ಊರವರು ನಾವು, ಕಾಕಾ" ಎಂದ.

ಬಯಲುಸೀಮೆಯವರಾದ ನಾವು ಬೆಟ್ಟ ಹತ್ತುವ ಮೊದಲು ಘಟ್ಟ ಇಳಿಯಬೇಕಾಯಿತು. ರಾಣೆಬೆನ್ನೂರಿನಿಂದ ರೈಲು, ಹಾಸನದಿಂದ ಬಸ್ಸು, ಶಿರಾಡಿ ಘಾಟಿ ದಾಟಿ ಕುಕ್ಕೆ ಸುಬ್ರಹ್ಮಣ್ಯ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರವಿದ್ದರೂ ಅಲ್ಲಿ ತುದಿಯ ಸಮೀಪದವರೆಗೆ ವಾಹನ ಹೋಗುತ್ತದೆ. ಕುಮಾರ ಪರ್ವತದ ಎತ್ತರ 1712 ಮೀಟರ್ ಮಾತ್ರ. ಆದರೆ ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಸುಮಾರು 1500 ಮೀಟರನ್ನು ಕಾಲಲ್ಲೇ ಏರಬೇಕು, ಹೋಗಿಬರಲು 20 ಕಿ.ಮೀ.ಗೂ ಹೆಚ್ಚು. ಇದು ಪುಷ್ಪಗಿರಿ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಬೇಕು, ಮೇಲೆ ರಾತ್ರಿ ತಂಗುವಂತಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಮಾತು ಮಾಡಿಕೊಂಡಿದ್ದೆವು: ಎಲ್ಲಿದ್ದರೂ ಸರಿ, ಮಧ್ಯಾಹ್ನ ಹನ್ನೆರಡಕ್ಕೆ ಹಿಂದಿರುಗುವುದು.

ಡಿಸೆಂಬರಿನ ಬೆಳಿಗ್ಗೆ ಆರಕ್ಕೆ ಕಾಡು ಹೊಕ್ಕೆವು. ಮೊದಲ ಎರಡೂವರೆ ತಾಸು ಬರೀ ಬೇರು, ಕಲ್ಲು, ಏರು. ಆಕಾಶವೇ ಕಾಣದು. ಬೆಟ್ಟ ಎತ್ತಿದವನ ಊರವರಿಗೆ ಬೆನ್ನ ಮೇಲಿನ ಚೀಲ ಎತ್ತುವುದೇ ಕಷ್ಟವಾಯಿತು. ಗಿರಿಗದ್ದೆಯಲ್ಲಿ ಕಾಡು ಬಿಚ್ಚಿಕೊಂಡಾಗ ಚಾರಣಿಗರಿಗೆಲ್ಲ ಗೊತ್ತಿರುವ ಭಟ್ಟರ ಮನೆ. ಅಲ್ಲಿ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಬಾಟಲಿಗಳಿಗೆ ನೀರು ತುಂಬಿಕೊಂಡೆವು.

ಅಲ್ಲಿಂದ ಮುಂದೆ ನೆರಳಿಲ್ಲ. ಎದೆಯೆತ್ತರದ ಒಣಹುಲ್ಲು, ನೆತ್ತಿಯ ಮೇಲೆ ಬಿಸಿಲು. ಒಂದು ಗುಡ್ಡ ಮುಗಿಯಿತೆಂದರೆ ಅದರ ಹಿಂದೆ ಇನ್ನೊಂದು ಎದ್ದು ನಿಲ್ಲುತ್ತದೆ. ಹುಡುಗ ಮೂರು ಸಲ "ಬಂತು!" ಎಂದು ಕೂಗಿ ಮೂರು ಸಲ ಮೋಸಹೋದ. ಕಲ್ಲುಮಂಟಪದ ಕಂಬಗಳ ನಡುವೆ ಹತ್ತು ನಿಮಿಷ ಒರಗಿದೆವು. ನಾನಾದರೆ ಅಲ್ಲೇ ನಿದ್ದೆ ಹೋಗುತ್ತಿದ್ದೆ.

ಶೇಷ ಪರ್ವತದ ನೆತ್ತಿ ತಲುಪಿದಾಗ ಹನ್ನೆರಡೂಕಾಲು. ಎದುರಿಗೇ ಕುಮಾರ ಪರ್ವತ! ನಡುವೆ ಒಂದು ಇಳಿಜಾರು, ಕಣಿವೆಯಲ್ಲಿ ದಟ್ಟ ಶೋಲಾ ಕಾಡು, ಆಮೇಲೆ ಬಂಡೆಯ ಏರು. ಕೈಚಾಚಿದರೆ ಸಿಗುವಂತಿತ್ತು.

"ಕಾಕಾ, ಬರೇ ಒಂದು ತಾಸು. ಅಗಾ, ಕಾಣಸ್ತೈತಲ್ಲ!"

"ಹೋಗಾಕ ಒಂದು ತಾಸು, ಬರಾಕ ಒಂದು ತಾಸು. ಕೆಳಗಿನ ಕಾಡಿನ್ಯಾಗ ಕತ್ತಲಾಗ್ತೈತಿ. ಬಾಟ್ಲಿ ತೋರಸು."

ಅವನ ಬಾಟಲಿಯಲ್ಲಿ ನಾಲ್ಕು ಗುಟುಕು ನೀರು, ನನ್ನದರಲ್ಲಿ ಅರ್ಧ. ಅವನು ಬೆನ್ನು ತಿರುಗಿಸಿ ಕೂತ. ಅಳುತ್ತಿದ್ದನೆಂದು ಗೊತ್ತಿತ್ತು, ನೋಡಲಿಲ್ಲ. ನನಗೂ ಆಸೆಯಿತ್ತು, ಈ ವಯಸ್ಸಿಗೆ ಮತ್ತೊಮ್ಮೆ ಇಷ್ಟು ದೂರ ಬರುತ್ತೇನೋ ಇಲ್ಲವೋ. ಐದು ನಿಮಿಷದ ನಂತರ ಅವನೇ ಎದ್ದು ಮುಂದಾಗಿ ಇಳಿಯತೊಡಗಿದ.

ಇಳಿಯುವುದು ಸುಲಭವೆಂದವರು ಯಾರೋ! ಮೊಣಕಾಲು ನಡುಗುತ್ತದೆ, ಹೆಬ್ಬೆರಳು ಬೂಟಿಗೆ ಗುದ್ದುತ್ತದೆ. ಕೆಳಗಿನ ಕಾಡಿನಲ್ಲಿ ಐದೂವರೆಗೇ ಬೇರು ಯಾವುದು, ನೆರಳು ಯಾವುದು ಗೊತ್ತಾಗದಂತಾಯಿತು. ಹುಡುಗ ಎರಡು ಸಲ ಎಡವಿದ. ನಮ್ಮಲ್ಲಿದ್ದದ್ದು ಒಂದೇ ಟಾರ್ಚು. ಕುಕ್ಕೆಯ ದೀಪಗಳು ಕಂಡಾಗ ಆರು ದಾಟಿತ್ತು.

ಮರುದಿನ ಕುಮಾರಧಾರೆಯಲ್ಲಿ ಕಾಲಿಳಿಬಿಟ್ಟು ಕೂತೆವು. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧ ತೊಳೆದದ್ದು ಇಲ್ಲೇ ಎನ್ನುತ್ತಾರೆ. ನಮ್ಮ ವರದಾ, ತುಂಗಭದ್ರೆಯರು ಪೂರ್ವಕ್ಕೆ ಹರಿದರೆ ಇದು ಪಶ್ಚಿಮಕ್ಕೆ ಓಡಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ.

ಊರಿಗೆ ಬಂದ ಮೇಲೆ ಹುಡುಗನಿಗೆ ಕಾಯಿಯ ಚಿಂತೆ. ಶಿಖರ ಮುಟ್ಟಿಲ್ಲವಲ್ಲ, ಒಡೆಸಬೇಕೋ ಬೇಡವೋ? ನಮ್ಮವ್ವ ನ್ಯಾಯ ಹೇಳಿದಳು: "ಮುಟ್ಟಿ ಬರ್ತೀನಿ ಅಂದಿದ್ದಿ. ಮುಟ್ಟೂದು ಆಗಲಿಲ್ಲ, ಬರೂದು ಆತಲ್ಲ. ಅರ್ಧಾ ಹರಕಿ ತೀರಸು."

ಅರ್ಧ ಕಾಯಿ ಒಡೆಯುವುದು ಹೇಗೆ? ಇಡೀ ಕಾಯಿಯನ್ನೇ ಒಡೆಸಿದ. ಉಳಿದರ್ಧ ಹರಕೆ ಬರುವ ಡಿಸೆಂಬರಿಗೆ ಎಂದು ಪೂಜಾರಿಗೇ ಹೇಳಿಬಂದಿದ್ದಾನೆ.