ಬನದ ಹುಣ್ಣಿಮೆಯ ಬಿಡಾರ

ಜಾತ್ರೆಗೆ ಹೋಗುವ ದಾರಿಯನ್ನು ಯಾರು ಬೇಕಾದರೂ ತೋರಿಸಿಯಾರು. ಜಾತ್ರೆಯಲ್ಲಿ ಇರುಳು ತಂಗುವ ಎಡೆಯನ್ನು ತೋರಿಸುವವರು ವಿರಳ. ಬಾದಾಮಿಯ ಬನಶಂಕರಿಯ ತೇರಿಗೆ ಮಕ್ಕಳುಮರಿಗಳೊಡನೆ ಹೋಗಿ ಅಲ್ಲಿಯೇ ಒಂದು ರಾತ್ರಿ ವಸ್ತಿ ಮಾಡಬೇಕೆಂದಿರುವ ವಾಚಕರಿಗೆ ನಮ್ಮ ಅನುಭವದಿಂದ ತುಸು ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ನಾವು ಬಾಗಲಕೋಟೆಯಿಂದ ಹೊರಟದ್ದು 2025ನೆಯ ಇಸವಿಯ ಜನವರಿ 13ರಂದು, ಪುಷ್ಯ ಶುದ್ಧ ಪೌರ್ಣಿಮೆಯ ಸೋಮವಾರ. ಪಂಚಾಂಗವನ್ನು ಸರಿಯಾಗಿ ನೋಡಿದ್ದರೆ ಮನೆಯಲ್ಲಿಯೇ ಎಚ್ಚರಗೊಳ್ಳಬಹುದಾಗಿತ್ತು. ಹಿಂದಿನ ದಿನ ಆದಿತ್ಯವಾರ, ಮರುದಿನ ಮಕರಸಂಕ್ರಮಣ, ನಡುವೆ ತೇರು. ತೇರು ನೋಡಿ, ಇರುಳು ಅಲ್ಲಿಯೇ ಕಳೆದು, ಬೆಳಗಿಗೆ ಕೂಡಲಸಂಗಮದಲ್ಲಿ ಸಂಕ್ರಮಣದ ಸ್ನಾನ ತೀರಿಸಿಕೊಂಡು ಮನೆ ಸೇರುವುದೆಂದು ನಾವು ಹಾಕಿದ ಲೆಕ್ಕವನ್ನೇ ವಿಜಯಪುರ, ಗದಗು, ಧಾರವಾಡ, ಕೊಪ್ಪಳಗಳ ಎಷ್ಟೋ ಸಂಸಾರಗಳು ಹಾಕಿದ್ದವು. ಹಬ್ಬಗಳು ಒಂದಕ್ಕೊಂದು ಕೊಂಡಿ ಕೂಡಿಸಿಕೊಂಡು ಬಂದರೆ ಪ್ರವಾಸಿಯು ಹಿಗ್ಗುತ್ತಾನೆ. ಬಿಡಾರ ಹುಡುಕುವ ಹೊತ್ತಿಗೆ ಆ ಹಿಗ್ಗು ಇಳಿದುಹೋಗುತ್ತದೆ.

ನಮ್ಮೊಡನೆ ಎಪ್ಪತ್ತೆಂಟು ವರ್ಷದ ತಾಯಿಯವರು, ಮನೆಯವರು, ಮಗಳು, ಮಗಳ ನಾಲ್ಕು ತಿಂಗಳ ಕೂಸು. ಕೂಸಿಗಾಗಿಯೇ ಈ ಪ್ರಯಾಣ. ಬನಶಂಕರಿಯಲ್ಲಿ ಬಾಳೆಯ ದಿಂಡುಗಳಿಂದ ತೆಪ್ಪ ಕಟ್ಟಿ, ಹೊಸದಾಗಿ ಹುಟ್ಟಿದ ಕೂಸುಗಳನ್ನು ಅದರ ಮೇಲಿಟ್ಟು ಹೊಂಡದ ನೀರನ್ನು ದಾಟಿಸುವ ಪದ್ಧತಿಯುಂಟು. ಹಾಗೆ ದಾಟಿದ ಕೂಸಿಗೆ ಶುಭವೆಂಬ ನಂಬಿಗೆ. ಮಗಳ ಹೆರಿಗೆ ಬಹು ಕಷ್ಟದ್ದಾಗಿತ್ತು. ಆ ರಾತ್ರಿ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ನಮ್ಮ ತಾಯಿಯವರು, ತಾಯಿ ಮಗು ಉಳಿದರೆ ಕೂಸನ್ನು ತೆಪ್ಪದಲ್ಲಿ ಹಾಯಿಸಿ, ತೇರಿನ ಇರುಳು ಅವ್ವನ ನೆಲದ ಮೇಲೆಯೇ ಮಲಗುವೆನೆಂದು ಬೇಡಿಕೊಂಡಿದ್ದರು. ನಾವು ಹರಕೆಗಳನ್ನು ಹೊರುವವರಲ್ಲ. ಆದರೆ ಆ ಪಡಸಾಲೆಯಲ್ಲಿ ನಾವೂ ಕುಳಿತಿದ್ದೆವು.

ಬಾಣಂತಿಗೂ ಕೂಸಿಗೂ ಚಳಿಯಾದೀತೆಂದು ಬಾದಾಮಿಯ ಒಂದು ವಸತಿಗೃಹದಲ್ಲಿ ಕೋಣೆಯನ್ನು ಮೊದಲೇ ಗೊತ್ತುಮಾಡಿದ್ದೆವು. ಮಧ್ಯಾಹ್ನ ಹೋಗಿ ನೋಡುವಷ್ಟರಲ್ಲಿ ಅದನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದರು. ನಾವು ಕಾಗದ ತೋರಿಸಿದೆವು, ಅವರು ಕೈ ತೋರಿಸಿದರು. ಊರಿನ ಉಳಿದ ವಸತಿಗೃಹಗಳ ಜಗುಲಿಗಳ ಮೇಲೂ ಹಾಸಿಗೆಯ ಸುರುಳಿಗಳು ಬಿದ್ದಿದ್ದವು. ತಾಯಿಯವರು ಮಾತ್ರ ನಿಶ್ಚಿಂತರಾಗಿ, “ಬಾದಾಮ್ಯಾಗ ಮಲಗತೀನಂತ ನಾ ಬೇಡಿಕೊಂಡಿದ್ದಿಲ್ಲಪಾ. ನಡೀರಿ ಮುಂದ” ಎಂದರು.

ಬಾದಾಮಿಯಿಂದ ಚೊಳಚಗುಡ್ಡದ ಬನಶಂಕರಿಗೆ ಮೂರು ಮೈಲಿ. ಅಷ್ಟು ದೂರಕ್ಕೆ ನಮಗೆ ಎರಡು ತಾಸು ಹಿಡಿಯಿತು. ಗುಡಿಯ ಮುಂದಿನ ಹೊಂಡಕ್ಕೆ ಹರಿದ್ರಾತೀರ್ಥವೆಂದು ಹೆಸರು. ಹರಿಶ್ಚಂದ್ರತೀರ್ಥವೆಂಬುದೇ ಜನರ ಬಾಯಲ್ಲಿ ಹೀಗಾಯಿತೆನ್ನುತ್ತಾರೆ. ಸುಮಾರು 360 ಅಡಿಯ ಚೌಕದ ಈ ಹೊಂಡದ ಮೂರು ಕಡೆಗೂ ಉದ್ದಕ್ಕೆ ಕಲ್ಲಿನ ಮಂಟಪಗಳ ಸಾಲು. ದಂಡೆಯ ಮೇಲೆ ದೀಪಮಾಲೆಯ ಕಂಬಗಳು. ಇಂದಿನ ಗುಡಿಯನ್ನು 1750ರ ಸುಮಾರಿಗೆ ಮರಾಠಾ ಸರದಾರನೊಬ್ಬನು ಕಟ್ಟಿಸಿದನಾದರೂ ಈ ದೇವಿಯ ಸ್ಥಾನವು ಚಾಲುಕ್ಯರ ಕಾಲದಷ್ಟು ಹಳೆಯದು. ವಸತಿಗೃಹಗಳೆಂಬವು ಇಲ್ಲದ ದಿನಗಳಲ್ಲಿ ಪರಸ್ಥಳದವರಿಗೆ ಈ ಮಂಟಪಗಳೇ ಆಸರೆ. ಇಂದಿಗೂ ಅವು ಆ ಕೆಲಸವನ್ನು ಬಿಟ್ಟಿಲ್ಲ. ನಾವು ಹೋಗುವ ಹೊತ್ತಿಗೆ ಕಂಬಕಂಬದ ನಡುವೆ ಒಂದೊಂದು ಸಂಸಾರ ಊರಿತ್ತು; ಕಂಬದಿಂದ ಕಂಬಕ್ಕೆ ಇಳಕಲ್ಲ ಸೀರೆ ಬಿಗಿದು ಮರೆಮಾಡಿಕೊಂಡಿದ್ದರು. ಒಂದು ಸಂಸಾರದವರನ್ನು ಎಂದು ಬಂದಿರೆಂದು ಕೇಳಿದೆವು. ಪಲ್ಲೇದ ಹಬ್ಬಕ್ಕೂ ಮೊದಲೇ ಎಂದರು. ತೇರಿನ ಹಿಂದಿನ ದಿನ ದೇವಿಗೆ ನೂರೆಂಟು ಬಗೆಯ ಕಾಯಿಪಲ್ಲೆಗಳ ನೈವೇದ್ಯವಾಗುವ ಹಬ್ಬವದು. ಶಾಕಂಭರಿ ಎಂಬ ಹೆಸರಿಗೆ ತಕ್ಕುದಾದದ್ದು. ಮಂಟಪ ಬೇಕೆನ್ನುವವರು ಆ ಹಬ್ಬದ ಹಿಂದಿನ ದಿನವೇ ಬಂದು ಕಂಬ ಹಿಡಿಯಬೇಕೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಸಂಜೆ ತೇರು ಎಳೆದರು. ಅದನ್ನು ವರ್ಣಿಸಹೋಗುವುದಿಲ್ಲ, ಜನರ ತಲೆಗಳ ಮೇಲೆ ಕಳಸ ತೊನೆಯುತ್ತ ಹೋದದ್ದನ್ನು ಕಂಡೆವು, ಉತ್ತತ್ತಿ ಬಾಳೆಹಣ್ಣು ಎಸೆದೆವು. ತೇರಿನ ಹಗ್ಗದ ವಿಷಯವನ್ನು ಮಾತ್ರ ಹೇಳಲೇಬೇಕು. ಆ ಹಗ್ಗವನ್ನು ರೋಣ ತಾಲೂಕಿನ ಮಾಡಲಗೇರಿಯವರು ಹಳಿಬಂಡಿಯೆಂಬ ದೊಡ್ಡ ಬಂಡಿಯಲ್ಲಿ, ಅನೇಕ ಎತ್ತು ಹೂಡಿ ತರುವುದು ರೂಢಿ. ಇಡಿಯ ಜಾತ್ರೆಯಲ್ಲಿ ಜಾಗದ ಚಿಂತೆಯಿಲ್ಲದ ಬಂಡಿ ಅದೊಂದೇ ಇರಬೇಕು.

ಕತ್ತಲಾಯಿತು. ಬಂಡಿಗಳು ಇಳಿಯುವ ಹೊಲಗಳ ಕಡೆಗೆ ನಮ್ಮ ಬಾಡಿಗೆಯ ಮೋಟಾರನ್ನು ತಿರುಗಿಸಿದೆವು. ಮಳೆಗಾಲದ ಮೀನುಗಾರಿಕೆಯ ನಿಷೇಧದ ದಿನಗಳಲ್ಲಿ ಮಲ್ಪೆಯ ಬಂದರವನ್ನು ನಾವೊಮ್ಮೆ ಕಂಡಿದ್ದೆವು. ಅಲ್ಲಿ ದೋಣಿಗಳು ಮಗ್ಗುಲಿಗೆ ಮಗ್ಗುಲು ಒತ್ತಿ ನಿಂತು, ಒಳಗಿನ ದೋಣಿಯವನು ನಾಲ್ಕು ಪರರ ದೋಣಿಗಳನ್ನು ತುಳಿದೇ ದಡಕ್ಕೆ ಬರಬೇಕು. ಇಲ್ಲಿಯೂ ಹಾಗೆಯೇ. ಬಂಡಿಯ ಗಾಲಿಗೆ ಬಂಡಿಯ ಗಾಲಿ ತಾಕಿತ್ತು. ನೊಗಗಳು ನೆಲಕ್ಕೆ ಬಾಗಿದ್ದವು. ಎತ್ತುಗಳು ಗಾಲಿಗೆ ಕಟ್ಟಿಸಿಕೊಂಡು ಕಣಿಕೆ ಮೇಯುತ್ತಿದ್ದವು. ನಡುನಡುವೆ ಟ್ರ್ಯಾಕ್ಟರುಗಳು, ತಾಡಪತ್ರಿ ಹೊದಿಸಿದ ಲಾರಿಗಳು. ಮೊದಲು ನೋಡಿದಾಗ ಎಲ್ಲವೂ ಗೊಂದಲವೆನಿಸಿತು. ಒಂದು ತಾಸು ಸುತ್ತಿದ ಮೇಲೆ ಅದರಲ್ಲಿಯೂ ಒಂದು ಕಟ್ಟು ಇರುವುದು ಕಾಣತೊಡಗಿತು: ಒಂದೂರಿನ ಬಂಡಿಗಳು ಒಂದೇ ಕಡೆ; ಆ ಊರಿನೊಳಗೆ ಒಂದು ಮನೆತನದವು ಒತ್ತಟ್ಟಿಗೆ. ಕಾಗದಪತ್ರವಿಲ್ಲ, ಪಾವತಿಯಿಲ್ಲ, ಆದರೆ ಯಾರ ಬಂಡಿ ಎಲ್ಲಿ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಜಾಗ ಎಲ್ಲಿ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಕೈಯಲ್ಲಿ ನೋಟು ಹಿಡಿದುಕೊಂಡೇ ನಾಲ್ಕಾರು ಕಡೆ ಕೇಳಿದೆವು. ಹಣ ಬೇಡವೆನ್ನುವವರು ಅಲ್ಲಿಯೂ ಕಡಿಮೆ, ಇಲ್ಲದ್ದು ನೆಲ. ಅಷ್ಟರಲ್ಲಿ ಎರಡು ಬಂಡಿಗಳ ನಡುವೆ ಒಂದು ಮೋಟಾರು ಹಿಡಿಯುವಷ್ಟು ಬಯಲು ಕಂಡಿತು. ನಾಲ್ಕು ಮೂಲೆಗೆ ಕಲ್ಲಿಟ್ಟು ಮುಂದೆ ಒಂದು ಹಗ್ಗ ಕಟ್ಟಿದ್ದರು. ಚಾಲಕನು ಇಳಿದು ಹಗ್ಗ ಬಿಚ್ಚಹೋದನು. ಹತ್ತು ವರ್ಷದ ಹುಡುಗನೊಬ್ಬ ಓಡಿಬಂದು, “ಬ್ಯಾಡ್ರೀ, ಅದು ದೊಡ್ಡಪ್ಪನ ಜಾಗಾ” ಎಂದನು.

“ನಿಮ್ಮ ದೊಡ್ಡಪ್ಪ ಎಷ್ಟು ಹೊತ್ತಿಗೆ ಬರುತ್ತಾನೆ, ತಮ್ಮಾ?” ಎಂದು ಕೇಳಿದೆವು. ಹುಡುಗ ಉತ್ತರ ಕೊಡಲಿಲ್ಲ. ಹಿಂದಿನಿಂದ ಅವನ ತಂದೆ ಬಂದು, “ಅಣ್ಣ ಹ್ವಾದ ಶ್ರಾವಣದಾಗ ತೀರಿಕೊಂಡಾರ್ರೀ. ಎತ್ತೂ ಮಾರಿದ್ವಿ. ಆದ್ರ ಮೂವತ್ತ ವರ್ಸ ಅವರ ಬಂಡಿ ನಿಂತ ಜಾಗಾರೀ. ಮೊದಲನೇ ವರ್ಸ ಹ್ಯಾಂಗ ಬಿಡೂದು?” ಎಂದನು.

ಇದಕ್ಕೆ ನಾವು ಏನೂ ಹೇಳಲಾರದೆ ಹೋದೆವು. ಕೈಯಲ್ಲಿದ್ದ ನೋಟನ್ನು ಜೇಬಿಗಿಳಿಸಿ, ಮೋಟಾರನ್ನು ಹಿಂದಕ್ಕೆ ತೆಗೆಯೆಂದು ಚಾಲಕನಿಗೆ ಸನ್ನೆ ಮಾಡಿದೆವು. ಅದೇ ಗಳಿಗೆಗೆ ಕೂಸು ಎದ್ದು ಅಳಹತ್ತಿತು. ಪುಷ್ಯಮಾಸದ ಗಾಳಿ ಹೊಲದ ಮೇಲಿಂದ ಬೀಸುತ್ತಿತ್ತು. ಅಳು ಕೇಳಿ, ಬಂಡಿಯ ಮರೆಯಲ್ಲಿ ಒಲೆ ಹೂಡಿ ಕುಳಿತಿದ್ದ ಹೆಂಗಸೊಬ್ಬಳು ಎದ್ದುಬಂದು ಕಿಟಕಿಯಲ್ಲಿ ಬಗ್ಗಿ ನೋಡಿದಳು. ಹಣೆಯಲ್ಲಿ ಕುಂಕುಮವಿರಲಿಲ್ಲ.

“ಎಷ್ಟ ತಿಂಗಳದವ್ವಾ?”

“ನಾಕ್ರೀ, ಅಮ್ಮಾರ.”

“ತೆಪ್ಪಕ್ಕ ಬಂದೀರೇನು?”

ಮಗಳು ಹೌದೆಂದು ತಲೆಯಾಡಿಸಿದಳು. ಆಕೆ ತುಸು ಹೊತ್ತು ಸುಮ್ಮನೆ ನಿಂತು, ಮೈದುನನ ಕಡೆಗೆ ತಿರುಗಿ, “ಖಾಲಿ ಇಟಗೊಂಡ ಎಷ್ಟೊತ್ತ ನೋಡಕೋತ ಕುಂದ್ರೂದು? ಬಿಚ್ಚಪಾ ಹಗ್ಗಾ” ಎಂದಳು. ಅವನು ಮಾತಾಡದೆ ಬಿಚ್ಚಿದನು. ಮುಂದಿನ ಎರಡು ಕಲ್ಲುಗಳನ್ನು ತಾನೇ ಎತ್ತಿ ಬದಿಗಿಟ್ಟನು.

ಆ ರಾತ್ರಿಯ ಸುಖದುಃಖಗಳನ್ನು ಬೆಳೆಸಿ ಹೇಳಬೇಕಾದುದಿಲ್ಲ. ಬುಟ್ಟಿ ಹೊತ್ತು ಬರುವ ಹೆಂಗಸರಿಂದ ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ, ಕೆಂಪು ಚಟ್ನಿ, ಗಡಿಗೆಯ ಮೊಸರು ಕೊಂಡು ಉಂಡೆವು. ಬನಶಂಕರಿಯಲ್ಲಿ ಉಪವಾಸ ಬೀಳುವುದು ಯಾರಿಂದಲೂ ಸಾಧ್ಯವಿಲ್ಲ. ನಿದ್ದೆಯ ಮಾತು ಬೇರೆ. ಈ ಜಾತ್ರೆಗೆ ನಾಟಕ ಕಂಪನಿಗಳು ಗುಡಾರ ಹಾಕುವುದು ಪ್ರಸಿದ್ಧವಷ್ಟೆ. ಒಂದರ ಹಾಡು ಮುಗಿಯುವಷ್ಟರಲ್ಲಿ ಇನ್ನೊಂದರ ಹಾಸ್ಯಗಾರನ ದನಿ ಏಳುತ್ತಿತ್ತು. ನಾಟಕವನ್ನು ಹಣ ಕೊಟ್ಟು ನೋಡುವವರು ಅದೃಷ್ಟವಂತರು, ಅವರಿಗೆ ಮುಖವಾದರೂ ಕಾಣುತ್ತದೆ. ಮಗಳೂ ಕೂಸೂ ಮೋಟಾರಿನೊಳಗೆ ಮಲಗಿದರು. ತಾಯಿಯವರು ಹರಕೆಯಂತೆ ನೆಲದ ಮೇಲೆಯೇ, ಕಣಿಕೆಯ ಮೇಲೆ ಕೌದಿ ಹಾಸಿ, ಆ ಹೆಂಗಸಿನ ಮಗ್ಗುಲಿಗೆ ಮಲಗಿದರು. ನಡುರಾತ್ರಿಯವರೆಗೂ ಇಬ್ಬರ ಪಿಸುಮಾತು ಕೇಳಿಸುತ್ತಿತ್ತು. ಏನು ಮಾತಾಡಿದಿರೆಂದು ಮರುದಿನ ಕೇಳಿದಾಗ ತಾಯಿಯವರು, “ಆಕಿ ಗಂಡಂದು, ನಿಮ್ಮಪ್ಪಂದು” ಎಂದಷ್ಟೇ ಹೇಳಿದರು.

ಬೆಳಗ್ಗೆ ಹೊಂಡದಲ್ಲಿ ಕೂಸನ್ನು ದಾಟಿಸಿದೆವು. ಬಾಳೆಯ ದಿಂಡಿನ ತೆಪ್ಪ ಕೈಯೂರಿದರೆ ಅಲುಗುವಂಥದು. ನೀರಿಗಿಳಿದ ಗಂಡಾಳುಗಳು ನಾಲ್ಕೂ ಕಡೆ ಹಿಡಿದು ಮೆಲ್ಲಗೆ ನೂಕಿಕೊಂಡು ಹೋದರು. ಮಗಳು ಕಣ್ಣು ಮುಚ್ಚಿದ್ದಳು. ಆಚೆಯ ಮೆಟ್ಟಿಲ ಮೇಲೆ ಕೂಸನ್ನು ಎತ್ತಿಕೊಂಡವಳು ಆ ಹೆಂಗಸೇ. ನಮಗಿಂತ ಮೊದಲೇ ಹೋಗಿ ನಿಂತಿದ್ದಳು. ಕೂಸು ಅಳಲಿಲ್ಲ.

ಹೊರಡುವುದು ಬರುವುದಕ್ಕಿಂತ ಕಷ್ಟವಾಯಿತು. ನಮ್ಮ ಹಿಂದೆ ಇರುಳಲ್ಲಿ ಮೂರು ಟ್ರ್ಯಾಕ್ಟರುಗಳು ಬಂದು ನಿಂತಿದ್ದವು. ಅವುಗಳ ಯಜಮಾನರು ಬಾಗಿಲ ಚೌಕಟ್ಟು ಕೊಳ್ಳಲು ಪೇಟೆಗೆ ಹೋಗಿದ್ದರು. ಜಾತ್ರೆಯಲ್ಲಿ ಕೊನೆಗೆ ಬಂದವನೇ ಮೊದಲು ಹೋಗಬೇಕು, ಇಲ್ಲದಿದ್ದರೆ ಯಾರೂ ಹೋಗಲಾರರು. ಮರುದಿನ ಬೇರೆಡೆ ಕೆಲಸವಿದ್ದವರು ಅಂಚಿನಲ್ಲಿಯೇ ನಿಲ್ಲುವುದು ಲೇಸು. ತೇರೇ ಬೇಕೆಂಬ ಹಟವಿಲ್ಲದವರಿಗೆ ಇನ್ನೂ ಸುಲಭವಾದ ದಾರಿಯುಂಟು: ಜಾತ್ರೆಯು ಮೂರು ವಾರದವರೆಗೆ ನಡೆಯುವುದರಿಂದ, ಒಂದು ವಾರ ಬಿಟ್ಟು ಬಂದರೆ ಮಂಟಪದಲ್ಲಿ ಕಾಲು ಚಾಚುವಷ್ಟು ಎಡೆ ದೊರೆತೀತು. ಸಂಗಮದ ಸ್ನಾನ ನಮಗೆ ತಪ್ಪಿತು. ತಾಯಿಯವರು ಹೊಂಡದ ನೀರನ್ನೇ ತಲೆಗೆ ತಳಿದುಕೊಂಡು ಸಂಕ್ರಮಣ ಮುಗಿಸಿದರು.

ಮಧ್ಯಾಹ್ನದ ಮೇಲೆ ದಾರಿ ಬಿಟ್ಟಿತು. ಹಣ ಕೊಡುವ ಧೈರ್ಯ ನಮಗಾಗಲಿಲ್ಲ. ಮನೆಯವರು ಗುಳೇದಗುಡ್ಡದ ಒಂದು ಖಣವನ್ನು ಉಡಿಯಲ್ಲಿಡಲು ಹೋದಾಗ ಆಕೆ, “ನನಗ್ಯಾಕವ್ವಾ, ನಮ್ಮ ಸೊಸಿಗೆ ಕೊಡತೀನಿ” ಎಂದು ತೆಗೆದುಕೊಂಡಳು. ಮೈದುನನು ಮೋಟಾರಿನ ಬಳಿಗೆ ಬಂದು, ಬರುವ ವರ್ಷ ಬರುವುದಾದರೆ ಪಲ್ಲೇದ ಹಬ್ಬಕ್ಕೂ ಮೊದಲೇ ಹೇಳಿಕಳಿಸಿರೆಂದನು. ನಾವು ಹೊಲದ ಅಂಚು ಮುಟ್ಟುವಷ್ಟರಲ್ಲಿ ಆ ಹುಡುಗನು ಕಲ್ಲುಗಳನ್ನು ಮತ್ತೆ ಮೂಲೆಗಿಟ್ಟು ಹಗ್ಗ ಕಟ್ಟುತ್ತಿದ್ದನು.